ಅಕ್ಕ ಹೊಲಿದ ಝೂಲ

ನಾನು ಚಿಕ್ಕವನಿದ್ದಾಗ ನಮ್ಮ ಊರಲ್ಲಿ ಬಣ್ಣ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ನೆಲ ಕೆಂಪು, ಮನೆಯ ಗೋಡೆಗಳೂ ಅದೇ ಕೆಂಪು. ಗಂಡಸರ ಧೋತರವನ್ನು ಎಷ್ಟು ಒಗೆದರೂ ಮಣ್ಣಿನ ಬಣ್ಣವೇ. ಝರಾಸಂಗದಿಂದ ಜಹೀರಾಬಾದಿಗೆ ಹೋಗುವ ಗಾಡಿದಾರಿಯ ಪಕ್ಕದ ಸಣ್ಣ ಹಳ್ಳಿ ನಮ್ಮದು. ಹಸಿರು ಲಂಗ, ಹಳದಿ ಅಂಗಿ ಎಲ್ಲ ಶ್ರೀಮಂತರ ಮಕ್ಕಳಿಗೆ. ನಮಗೆ ಬಣ್ಣ ಬೇಕೆಂದರೆ ಬೇರೆಯವರು ಬಿಸಾಡಿದ್ದನ್ನು ಹೆಕ್ಕಿಕೊಂಡು ಬರಬೇಕಿತ್ತು.

ಹಾಗೆ ಹೆಕ್ಕುವುದರಲ್ಲಿ ನಮ್ಮ ಅಕ್ಕನಷ್ಟು ಚುರುಕು ಯಾರೂ ಇರಲಿಲ್ಲ. ಬಳೆಗಾರ ಬಂದು ಹೋದ ಮೇಲೆ ಕಟ್ಟೆಯ ಕೆಳಗೆ ಬಿದ್ದ ಒಡೆದ ಬಳೆಚೂರುಗಳನ್ನು ಉಡಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಅವನ್ನು ದೀಪದ ಉರಿಗೆ ಹಿಡಿದು, ಗಾಜು ಮೆತ್ತಗಾದಾಗ ಬಗ್ಗಿಸಿ, ಒಂದಕ್ಕೊಂದು ಸಿಕ್ಕಿಸಿ ಬಣ್ಣದ ಸರಪಳಿ ಮಾಡುತ್ತಿದ್ದಳು. ಒಡೆದ ಕನ್ನಡಿಯ ಚೂರು, ಹಳೆ ಅಂಗಿಯ ಗುಂಡಿ, ತೂತುಬಿದ್ದ ಕವಡೆ ಎಲ್ಲವೂ ಒಂದು ಮಣ್ಣಿನ ಗಡಿಗೆಯಲ್ಲಿ ಇರುತ್ತಿದ್ದವು. ಆ ಗಡಿಗೆಗೆ ನಾನು ಕೈ ಹಾಕಿದರೆ ಕಿವಿ ಹಿಂಡಿಸಿಕೊಳ್ಳುವುದು ಖಂಡಿತ.

ಅವಳ ಗಡಿಗೆಗೆ ಹೆಚ್ಚು ಬಣ್ಣ ಬೀಳುತ್ತಿದ್ದದ್ದು ದರ್ಜಿ ಚಾಚಾನಿಂದ. ಚಾಚಾನ ಮನೆ ನಮ್ಮ ಓಣಿಯ ತುದಿಗೆ, ಊರ ಬಾಗಿಲಾದ ಅಗಸಿಗೆ ಹತ್ತಿರ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸುತ್ತಲಿನ ಹಳ್ಳಿಗಳಿಗೆಲ್ಲ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಇದ್ದದ್ದು ಅವನೊಬ್ಬನಲ್ಲೇ. ಅಂಗಿ, ಕುಪ್ಪಸ, ಶೇರವಾನಿ ಕತ್ತರಿಸಿ ಉಳಿದ ತುಂಡುಗಳನ್ನು ಅವನು ಒಂದು ಬುಟ್ಟಿಯಲ್ಲಿ ಕೂಡಿಟ್ಟು, "ಬೇಟಿ, ನಿನ್ನ ಮಾಲು ಬಂದದ ನೋಡು" ಎಂದು ಅಕ್ಕನನ್ನು ಕರೆಯುತ್ತಿದ್ದ.

ಆ ವರ್ಷ ಕಾರಹುಣ್ಣಿಮೆ ಇನ್ನೂ ದೂರ ಇರುವಾಗಲೇ ಅಕ್ಕ ಒಂದು ಝೂಲ ಹೊಲಿಯಲು ಕೂತಳು. ಎತ್ತಿನ ಬೆನ್ನ ಮೇಲೆ ಹೊದಿಸಿ ಎರಡೂ ಬದಿಗೆ ಇಳಿಬಿಡುವ ಅಲಂಕಾರದ ಬಟ್ಟೆಗೆ ನಾವು ಝೂಲ ಎನ್ನುತ್ತಿದ್ದೆವು. ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಕೆಲಸವಿಲ್ಲ. ಅವುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ ಸಂಜೆ ಅಗಸಿಗೆ ಕರೆದೊಯ್ಯುತ್ತಾರೆ. ಅಲ್ಲಿ ಅಡ್ಡಲಾಗಿ ಕಟ್ಟಿದ ಬೇವಿನ ತೋರಣದ ಹಗ್ಗವನ್ನು ಎತ್ತುಗಳು ಓಡಿ ಹರಿಯುತ್ತವೆ. ನಮ್ಮಲ್ಲಿ ಎರಡು ಎತ್ತುಗಳಿದ್ದವು. ಹರೆಯದ ಎತ್ತು ಓಡುವುದಕ್ಕೆ ಹೋಗುತ್ತಿತ್ತು. ಇನ್ನೊಂದಕ್ಕೆ ವಯಸ್ಸಾಗಿ ಕಣ್ಣಲ್ಲಿ ಪೊರೆ ಬಂದಿತ್ತು. "ಓಡೋ ಎತ್ತಿಗಿ ಎಲ್ಲಾರೂ ನೋಡ್ತಾರ. ನಮ್ಮ ಮುದುಕಪ್ಪಗೂ ಎಲ್ಲಾರೂ ನೋಡ್ಬೇಕು" ಎಂದು ಅಕ್ಕ ಹಟ ಹಿಡಿದಿದ್ದಳು.

ಹರಿದ ಗೋಣಿಚೀಲ ಬಿಚ್ಚಿ ಅಡಿಗೆ ಹಾಸಿದಳು. ಅದರ ನಡುವೆ ಚಿಂದಿಗಳನ್ನು ಕತ್ತರಿಸಿ ಎರಡು ನವಿಲು ಕೂರಿಸಿದಳು, ಕಣ್ಣಿನ ಜಾಗದಲ್ಲಿ ಕನ್ನಡಿ ಚೂರು. ಸುತ್ತ ಅಂಚು ಬೇಕಲ್ಲ? ಅಪ್ಪನ ಹಳೆಯ ಧೋತರವನ್ನು ಸೀಳಿ ಅರ್ಧವನ್ನು ಹಾಗೇ ಬಿಳಿಯಾಗಿ ಉಳಿಸಿದಳು. ಉಳಿದರ್ಧವನ್ನು ಒಣಗಿದ ಮುತ್ತುಗದ ಹೂ ಕುದಿಸಿದ ನೀರಲ್ಲಿ ಅದ್ದಿ ತೆಗೆದಳು. ಬಟ್ಟೆ ಬೆಂಕಿಯ ಹಾಗೆ ಕೇಸರಿಯಾಗಿ ಎದ್ದು ಬಂತು. ಕುದ್ದ ಹೂವಿನ ಆ ಬಿಸಿ ವಾಸನೆ ನನಗೆ ಇನ್ನೂ ಮೂಗಿನಲ್ಲಿದೆ. ಹಸಿರು ಬಟ್ಟೆ ಚಾಚಾ ಕೊಟ್ಟದ್ದು, ದರ್ಗಾಕ್ಕೆ ಹೊದಿಸುವ ಚಾದರ ಹೊಲಿದು ಉಳಿದ ಉದ್ದನೆಯ ತುಂಡುಗಳು. ಕೇಸರಿ, ಬಿಳಿ, ಹಸಿರು ಎಂದು ಮೂರು ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನಾಲ್ಕೂ ಬದಿಗೆ ಅಂಚು ಕಟ್ಟಿದಳು. ತುದಿಗೆ ಬಳೆಚೂರಿನ ಸರಪಳಿ ಇಳಿಬಿಟ್ಟಳು. ಬಿಸಿಲಿಗೆ ಹಿಡಿದರೆ ಅದು ಗೋಡೆಯ ಮೇಲೆ ಬಣ್ಣದ ಚುಕ್ಕೆ ಚೆಲ್ಲುತ್ತಿತ್ತು. ಅವ್ವ ನೋಡಿ ಲಟಿಕೆ ಮುರಿದು ದೃಷ್ಟಿ ತೆಗೆದಳು.

ಮಕ್ಕಳೇ, ಆ ಕಾಲದ ಒಂದು ಸಂಗತಿ ನಿಮಗೆ ಹೇಳಬೇಕು. ಆಗ ನಮ್ಮ ಸೀಮೆಯನ್ನು ಹೈದರಾಬಾದಿನ ನಿಜಾಮರು ಆಳುತ್ತಿದ್ದರು. ಅವರ ಆಳ್ವಿಕೆಯ ಕೊನೆಯ ದಿನಗಳು ಅವು ಎಂದು ನಮಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಹೆದರಿಕೆಯೊಂದೇ. ಬಂದೂಕು ಹಿಡಿದು ಕುದುರೆಯ ಮೇಲೆ ಹಳ್ಳಿ ಹಳ್ಳಿ ತಿರುಗುವ ಜನರಿದ್ದರು. ಅವರು ಸರಕಾರದವರೋ, ಮತ್ತ್ಯಾರೋ, ನಮ್ಮಂಥ ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಊರಲ್ಲಿ ಅವರನ್ನು ಸವಾರರು ಎನ್ನುತ್ತಿದ್ದರು. ಸವಾರರು ಎಂಬ ಮಾತು ಬಂದರೆ ಅವ್ವ ಒಲೆಯ ಮುಂದೆಯೂ ದನಿ ತಗ್ಗಿಸುತ್ತಿದ್ದಳು. ಪಕ್ಕದ ಹಳ್ಳಿಯ ಒಬ್ಬ ಮೇಷ್ಟ್ರನ್ನು ಅವರು ಹಿಡಿದುಕೊಂಡು ಹೋದರಂತೆ, ಮೇಷ್ಟ್ರು ಇನ್ನೂ ಮನೆಗೆ ಬಂದಿಲ್ಲವಂತೆ ಎಂದು ಅಪ್ಪ ಒಂದು ದಿನ ಹೇಳುವುದು ಕಿವಿಗೆ ಬಿದ್ದಿತ್ತು. ಯಾಕೆ ಹಿಡಿದರು ಎಂದು ನಾನು ಕೇಳಿದ್ದಕ್ಕೆ, "ಹೊರಗ ಹೋಗಿ ಆಡು" ಎಂದಿದ್ದ ಅಷ್ಟೇ.

ಕಾರಹುಣ್ಣಿಮೆಯ ದಿನ ಬಂತು. ಹೋಳಿಗೆಯ ಬೆಲ್ಲದ ಘಮ, ಎತ್ತುಗಳ ಮೈಗೆ ಹಚ್ಚಿದ ಎಣ್ಣೆಯ ವಾಸನೆ, ಓಣಿಯ ತುಂಬ ಗೆಜ್ಜೆಯ ಸದ್ದು. ಅಪ್ಪ ಹರೆಯದ ಎತ್ತನ್ನು ಹಿಡಿದುಕೊಂಡು ಮುಂಚೆಯೇ ಅಗಸಿಗೆ ಹೋದ. ಮುದುಕಪ್ಪನ ಹಗ್ಗ ನನ್ನ ಕೈಯಲ್ಲಿ. ಅಕ್ಕ ಝೂಲ ಹೊದಿಸಿ, ಹಿಂದೆ ಸರಿದು ನಿಂತು ನೋಡಿ, ಮತ್ತೆ ಬಂದು ಒಂದು ಕಡೆ ಸ್ವಲ್ಪ ಜಗ್ಗಿ ಸರಿಮಾಡಿದಳು. ನಾವಿಬ್ಬರೂ ಹೊರಟೆವು. ಎತ್ತು ನಿಧಾನಕ್ಕೆ, ಯಾರೋ ದೊಡ್ಡವರು ನಡೆಯುವ ಹಾಗೆ ನಡೆಯುತ್ತಿತ್ತು. ಬಾಗಿಲಲ್ಲಿ ನಿಂತ ಹೆಂಗಸರು ಝೂಲ ಮುಟ್ಟಿ ಮುಟ್ಟಿ ನೋಡಿದರು. ನನಗೆ ನಾನೇ ಊರಿನ ಗೌಡನಾದ ಹಾಗೆ ಅನ್ನಿಸುತ್ತಿತ್ತು.

ಚಾಚಾನ ಮನೆ ಹತ್ತಿರ ಬರುವಷ್ಟರಲ್ಲಿ ಅಗಸಿಯ ಕಡೆಯ ಡೊಳ್ಳು ಥಟ್ಟನೆ ನಿಂತಿತು. ಯಾರೋ ಓಡಿಬಂದರು. "ಸವಾರ್ರು ಬಂದಾರ! ಸವಾರ್ರು!" ಎಂದು ಅವರು ಕೂಗಲಿಲ್ಲ, ಪಿಸುಗುಟ್ಟುತ್ತ ಓಡಿದರು. ಅದು ಕೂಗಿಗಿಂತ ಹೆಚ್ಚು ಭಯವಾಗಿ ಕೇಳಿಸಿತು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಚಾಚಾ ಹೊಸ್ತಿಲ ಮೇಲೆ ನಿಂತಿದ್ದ. ಅವನ ಕಣ್ಣು ಝೂಲದ ಮೇಲೆ ಬಿತ್ತು. ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಬೇಟಿ, ಇದು ಹೀಂಗ ಹೊಲಿಯಾಕ ಯಾರ್ ಹೇಳ್ಯಾರ ನಿನಗ?" ಎಂದ.

"ಯಾರೂ ಹೇಳಿಲ್ಲ ಚಾಚಾ. ಚಂದ ಕಾಣ್ತದಂತ ನಾನೇ ಹೊಲಿದೀನ್ರಿ" ಎಂದಳು ಅಕ್ಕ.

"ಅಯ್ಯೋ ಮಗಳೇ, ಇದು ಝಂಡಾ ಅದ. ಕೇಸರಿ, ಸಫೇದ್, ಹಸಿರು. ಇದೇ ಝಂಡಾ ಮನ್ಯಾಗ ಸಿಕ್ಕದಂತ ಆ ಮಾಸ್ತರಗ ಹಿಡಕೊಂಡು ಹೋಗ್ಯಾರ!"

ಸ್ವರಾಜ್ಯ ಕೇಳುವವರು ಹಿಡಿಯುವ ಆ ಮೂರು ಬಣ್ಣದ ಬಾವುಟವನ್ನು ಅಕ್ಕ ಕಣ್ಣಾರೆ ಕಂಡೇ ಇರಲಿಲ್ಲ. ಅದನ್ನು ಹಿಡಿಯಬಾರದು, ಮನೆಯಲ್ಲಿಡಬಾರದು ಎಂಬ ಕಟ್ಟಳೆ ಇರುವುದೂ ಅವಳಿಗೆ ಗೊತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಹಗ್ಗ ಬೆವರಿಗೆ ಒದ್ದೆಯಾಯಿತು.

ತಿರುಗಿ ಓಡಿದರೆ ಓಣಿ ಉದ್ದಕ್ಕೂ ಕಾಣಿಸುತ್ತಿದ್ದೆವು. ಝೂಲ ಕಿತ್ತು ಎಲ್ಲಾದರೂ ಎಸೆಯೋಣವೆಂದರೆ ಅದನ್ನು ಇಡೀ ಓಣಿ ಆಗಲೇ ನೋಡಿತ್ತು, ಎಲ್ಲಿ ಸಿಕ್ಕರೂ ಯಾರದೆಂದು ತಿಳಿಯುತ್ತಿತ್ತು. ಚಾಚಾ ಹೆಚ್ಚು ಯೋಚನೆ ಮಾಡಲಿಲ್ಲ. "ಒಳಗ ಬರ್ರಿ, ಎತ್ತಿನ ಜೋಡಿ ಒಳಗ ಬರ್ರಿ" ಎಂದು ಹಗ್ಗ ಹಿಡಿದು ಎಳೆದ. ಪಕ್ಕದ ಸಂದಿಯಿಂದ ಎತ್ತನ್ನು ಹಿತ್ತಲಿಗೆ ನುಗ್ಗಿಸಿದೆವು. ಝೂಲ ತೆಗೆದುಕೊಂಡು ಅವನೂ ಅಕ್ಕನೂ ಅಂಗಡಿಗೆ ಓಡಿದರು. ಚಾಚಾ ಶೇರವಾನಿಯ ಒಳಗೆ ಹಾಕುವ ಕಪ್ಪು ಅಸ್ತರದ ಬಟ್ಟೆಯನ್ನು ಉದ್ದುದ್ದ ಸೀಳಿದ. ಬಿಳಿಯ ಪಟ್ಟಿಯ ಮೇಲೆ ಆ ಕಪ್ಪನ್ನು ಇಟ್ಟು ಯಂತ್ರಕ್ಕೆ ಕೊಟ್ಟ. ಬಿಳಿ ಮುಚ್ಚಿದರೆ ಅದು ಬಾವುಟವಾಗಿ ಉಳಿಯುವುದಿಲ್ಲ.

ನನ್ನ ಕೆಲಸ ಎತ್ತಿನ ಸದ್ದು ಅಡಗಿಸುವುದು. ಅಕ್ಕ ಹೋಗುವಾಗ ಚಿಂದಿಯ ಬುಟ್ಟಿಯನ್ನು ನನ್ನ ಕಡೆ ತಳ್ಳಿದ್ದಳು. ಒಂದೊಂದು ಗೆಜ್ಜೆಯ ಬಾಯಿಗೂ ಚಿಂದಿ ತುರುಕಿದೆ. ತುರುಕುವಾಗಲೂ ಅವು ಘಲ್ ಘಲ್ ಎನ್ನುತ್ತಿದ್ದವು. ಹಿತ್ತಲಿನಿಂದ ಅಂಗಡಿಗೆ ಬಾಗಿಲಿರಲಿಲ್ಲ, ಒಂದು ಗೋಣಿಯ ಪರದೆ ಇತ್ತು. ಅದರ ತೂತಿಗೆ ಕಣ್ಣಿಟ್ಟೆ. ಯಂತ್ರ ಟಕಟಕ ಓಡುತ್ತಿತ್ತು. ಒಂದು ಬದಿ ಮುಗಿಯಿತು. ಇನ್ನೊಂದು ಮುಗಿಯಿತು. ಮೂರನೆಯದೂ ಮುಗಿಯಿತು. ಆಗ ಹೊರಗೆ ಕುದುರೆಯ ಗೊರಸಿನ ಸಪ್ಪಳ ಕೇಳಿತು. ಅದು ಚಾಚಾನ ಬಾಗಿಲಿಗೇ ಬಂದು ನಿಂತಿತು.

ಒಬ್ಬ ಸವಾರ ಒಳಗೆ ಬಂದ. ಎತ್ತರದ ಆಳು, ಸೊಂಟಕ್ಕೆ ಪಟ್ಟಿ, ಹೆಗಲಿಗೆ ಬಂದೂಕು. ಜಾಲಿಯ ಮುಳ್ಳಿಗೆ ಸಿಕ್ಕಿ ಅವನ ಅಂಗಿಯ ತೋಳು ಹರಿದು ನೇತಾಡುತ್ತಿತ್ತು. ಅದನ್ನು ಹೊಲಿಸಿಕೊಳ್ಳಲು ದರ್ಜಿಯ ಮನೆ ಕೇಳಿಕೊಂಡು ಬಂದಿದ್ದ. ಚಾಚಾ ಎದ್ದು ಸಲಾಮು ಮಾಡಿದ. ಯಂತ್ರದಿಂದ ಝೂಲ ತೆಗೆದು ಅಕ್ಕನ ತೊಡೆಯ ಮೇಲೆ ಹಾಕಿದ. ಇನ್ನೂ ಮುಚ್ಚದ ಬದಿ ಒಳಗೆ ಬರುವಂತೆ ಅಕ್ಕ ಮಡಚಿಕೊಂಡು, ಸೆರಗು ಹಣೆಯವರೆಗೆ ಎಳೆದು, ತಲೆ ತಗ್ಗಿಸಿ ಸೂಜಿ ಹಿಡಿದು ಕೂತಳು. ಸೂಜಿಯಲ್ಲಿ ದಾರವೇ ಇರಲಿಲ್ಲ. ಸುಮ್ಮನೆ ಚುಚ್ಚುತ್ತಿದ್ದಳು, ತೆಗೆಯುತ್ತಿದ್ದಳು.

ಸವಾರ ಅಂಗಿ ಬಿಚ್ಚಿ ಕೊಟ್ಟು ಮಣೆಯ ಮೇಲೆ ಕೂತ. ಬಂದೂಕನ್ನು ಗೋಡೆಗೆ ಒರಗಿಸಿದ. ಅವನ ಕಣ್ಣು ಝೂಲದ ಮೇಲೆ ಹೋಯಿತು.

"ಯೇ ಕ್ಯಾ ಹೈ?" ಎಂದ. ಇದೇನು ಎಂದು ಕೇಳಿದ್ದು.

"ಬೈಲ್ ಕಾ ಝೂಲ್ ಹೈ ಸಾಬ್" ಎಂದ ಚಾಚಾ ತಲೆ ಎತ್ತದೆ, ಎತ್ತಿನ ಝೂಲ ಎಂದು. ಯಂತ್ರದ ಮೇಲಿದ್ದ ಅವನ ಬೆರಳು ಸ್ಥಿರವಾಗಿತ್ತು. ಕತ್ತಿನಲ್ಲಿ ಮಾತ್ರ ಒಂದು ನರ ಮೇಲೆ ಕೆಳಗೆ ಆಡುತ್ತಿತ್ತು.

ಅದೇ ಹೊತ್ತಿಗೆ ಮುದುಕಪ್ಪ ನೊಣ ಓಡಿಸಲು ತಲೆ ಕೊಡವಿತು. ಒಂದು ಗೆಜ್ಜೆಯ ಚಿಂದಿ ಕಳಚಿ ಬಿತ್ತು. ಘಲ್!

ಸವಾರ ಪರದೆಯ ಕಡೆ ತಿರುಗಿದ. ಹಿಂದೆ ಯಾರು ಎಂದು ಕೇಳಿದ. ಝೂಲದ ಅಳತೆ ನೋಡಲು ಎತ್ತನ್ನೇ ಕರೆಸಿದ್ದೇನೆ ಎಂದು ಚಾಚಾ ಅವನ ಭಾಷೆಯಲ್ಲಿ ಹೇಳಿದ. ಸವಾರ ಎದ್ದು ಬಂದು ಪರದೆ ಸರಿಸಿದ. ಅವನ ಹೊಟ್ಟೆ ನನ್ನ ಮುಖದ ನೇರಕ್ಕೆ ಇತ್ತು. ಚರ್ಮದ ಪಟ್ಟಿಯ ವಾಸನೆ, ಕುದುರೆಯ ಬೆವರಿನ ವಾಸನೆ. ನನ್ನ ಚೊಣ್ಣದಲ್ಲಿ ಬಿಸಿಯಾಗಿ ಏನೋ ಹರಿದು ಕಾಲಿನವರೆಗೆ ಇಳಿಯಿತು. ನೀವು ನಗುತ್ತೀರಿ ಎಂದು ಗೊತ್ತು, ನಗಿರಿ. ಆಗ ನನಗೆ ನಾಚಿಕೆಯೂ ಆಗಲಿಲ್ಲ. ಅಷ್ಟು ಹೆದರಿದ್ದೆ.

ಅವನು ನನ್ನನ್ನು ದಾಟಿ ಹೋಗಿ ಎತ್ತಿನ ಹಣೆ ಮುಟ್ಟಿದ. ಕೋಡಿನ ಬುಡ ಕೆರೆದ. ಎತ್ತು ಕುತ್ತಿಗೆ ಚಾಚಿತು. ಅವನ ಕೈಗೆ ದನದ ರೂಢಿ ಇತ್ತು, ಹಳ್ಳಿಯವನೇ ಇರಬೇಕು. ಆಮೇಲೆ, ಝೂಲ ತಂದು ಹೊದಿಸಿ ತೋರಿಸಿ, ನೋಡೋಣ ಎಂದ.

ಅಕ್ಕ ಎದ್ದಳು. ಝೂಲವನ್ನು ಎದೆಗೆ ಅವಚಿಕೊಂಡು ಹಿತ್ತಲಿಗೆ ಬಂದಳು. ಎತ್ತಿನ ಒಂದು ಬದಿಗೆ ಹಿತ್ತಲ ಗೋಡೆ, ಇನ್ನೊಂದು ಬದಿಗೆ ಸವಾರ. ಅವಳು ನನ್ನನ್ನು ಒಮ್ಮೆ ನೋಡಿದಳು. ಕಣ್ಣಲ್ಲೇ ಗೋಡೆಯನ್ನು ತೋರಿಸಿದಳು. ನನಗೆ ತಿಳಿಯಿತು. ಬಿಳಿ ಮುಚ್ಚದ ಬದಿಯನ್ನು ಅವಳು ಗೋಡೆಯ ಕಡೆಗೆ ಇಳಿಬಿಡುತ್ತಾಳೆ. ಎತ್ತು ಗೋಡೆ ಬಿಟ್ಟು ತಿರುಗದ ಹಾಗೆ ನಾನು ನೋಡಿಕೊಳ್ಳಬೇಕು.

ಅವಳು ಝೂಲ ಹರವಿದಳು. ಬಳೆಚೂರುಗಳು ಕಿಣಿಕಿಣಿ ಎಂದವು. ನಾನು ಎತ್ತಿನ ಕೊರಳಿಗೆ ಭುಜ ಕೊಟ್ಟು ಗೋಡೆಯ ಕಡೆಗೆ ಒತ್ತಿ ನಿಂತೆ. ಮುದುಕಪ್ಪನಿಗೆ ಗೋಡೆಯ ಪಕ್ಕ ಇಕ್ಕಟ್ಟಾಗಿರಬೇಕು, ಹಿಂಗಾಲು ಹೊರಗೆ ಸರಿಸಲು ನೋಡಿತು. ಅಷ್ಟು ದೊಡ್ಡ ಪ್ರಾಣಿಯನ್ನು ನನ್ನಂಥ ಸಣ್ಣವನು ಒತ್ತಿ ಹಿಡಿಯುವುದೆಂದರೇನು? ಕಾಲು ಮಣ್ಣಿನಲ್ಲಿ ಜಾರುತ್ತಿತ್ತು. ಅದರ ಕಿವಿಗೆ ಬಾಯಿ ಇಟ್ಟು, "ನಿಂದ್ರೋ ನಮ್ಮಪ್ಪಾ, ನಿಂದ್ರು, ನಿಂದ್ರು" ಎಂದು ಉಸಿರಿನಲ್ಲೇ ಬೇಡಿಕೊಂಡೆ. ಎತ್ತು ಒಂದು ದೊಡ್ಡ ನಿಟ್ಟುಸಿರು ಬಿಟ್ಟು ನಿಂತಿತು.

ಸವಾರ ನವಿಲಿನ ಕಣ್ಣಿನ ಕನ್ನಡಿಯಲ್ಲಿ ಬಗ್ಗಿ ತನ್ನ ಮುಖ ನೋಡಿಕೊಂಡ. ಅಂಚಿನ ಮೇಲೆ ಬೆರಳಾಡಿಸಿದ. ಕೇಸರಿಯ ಮೇಲೆ, ಕಪ್ಪಿನ ಮೇಲೆ, ಹಸಿರಿನ ಮೇಲೆ. ಆ ಕಪ್ಪು ಬಟ್ಟೆಯ ಅಡಿಯಲ್ಲೇ ಅಪ್ಪನ ಧೋತರ ಇತ್ತು. ಅವನ ಬೆರಳು ಅಲ್ಲಿ ಸ್ವಲ್ಪ ತಡೆಯಿತು ಎಂದು ನನಗೆ ಅನ್ನಿಸಿತು. ತಡೆಯಿತೋ ಇಲ್ಲವೋ, ಈ ವಯಸ್ಸಿನಲ್ಲೂ ನನಗೆ ಖಚಿತವಿಲ್ಲ. "ಬಹುತ್ ಖೂಬ್" ಎಂದ, ಚೆನ್ನಾಗಿದೆ ಎಂದು. ಅಂಗಡಿಗೆ ಹೋಗಿ, ಹೊಲಿದ ಅಂಗಿ ತೊಟ್ಟು, ಬಂದೂಕು ಎತ್ತಿಕೊಂಡು ಹೊರಟ. ಗೊರಸಿನ ಸಪ್ಪಳ ದೂರವಾಗುವವರೆಗೂ ನಾವು ಯಾರೂ ಅಲುಗಲಿಲ್ಲ.

ಮೊದಲು ಕೂತದ್ದು ಚಾಚಾ. ಅವನ ಹೆಂಡತಿ ಚಾಚಿ ಒಳಗಿಂದ ನೀರು ತಂದು ಕೊಟ್ಟರೆ ಅರ್ಧ ಗಡ್ಡದ ಮೇಲೆ ಚೆಲ್ಲಿಕೊಂಡ. ಸಿಕ್ಕಿಬಿದ್ದಿದ್ದರೆ ನಮ್ಮೊಂದಿಗೆ ಅವನೂ ಹೋಗುತ್ತಿದ್ದ ಎಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅಕ್ಕ ಅವನ ಮುಂದೆ ಕೂತು ಗೊಳೋ ಎಂದು ಅತ್ತಳು.

"ಅಳಬ್ಯಾಡ ಬೇಟಿ. ಆತು, ಹ್ವಾದ್ರು. ಇನ್ನೊಂದು ಕಡಿ ಉಳಿದದ, ತಾ, ಅದೂ ಹೊಲಿದು ಮುಗಸೋಣು" ಎಂದ ಚಾಚಾ.

ಅಷ್ಟರಲ್ಲಿ ಅಪ್ಪ ಬಂದ. ಸವಾರರು ಅಗಸಿಯಲ್ಲಿ ಕುದುರೆಗಳಿಗೆ ಮೇವು ಕೇಳಿ ಪಡೆದು, ನೀರು ಕುಡಿಸಿ ಹೊರಟುಹೋಗಿದ್ದರು. ಅಷ್ಟೂ ಹೊತ್ತು ನಾವು ಬಾರದ್ದು ಕಂಡು ಅಪ್ಪನಿಗೆ ಜೀವ ಬಾಯಿಗೆ ಬಂದಿತ್ತು. ಅವನು ಓಡಿಬಂದ ರಭಸಕ್ಕೆ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಅಪ್ಪನನ್ನು ಬರಿತಲೆಯಲ್ಲಿ ಓಣಿಯಲ್ಲಿ ನಾನು ನೋಡಿದ್ದು ಅದೇ ಮೊದಲು. ಸಂಗತಿ ಕೇಳಿ ಅವನು ಬೈಯಲಿಲ್ಲ. ಚಾಚಾನ ಎರಡೂ ಕೈ ಹಿಡಿದುಕೊಂಡ. ಹಾಗೇ ಹಿಡಿದುಕೊಂಡು ನಿಂತ.

ಹೊತ್ತು ಮುಳುಗುವ ಮುಂಚೆ ಮುದುಕಪ್ಪ ಅಗಸಿಗೆ ಹೋಯಿತು. ನಾಲ್ಕೂ ಬದಿಗೆ ಕಪ್ಪು ಪಟ್ಟಿಯ ಝೂಲ ಹೊದ್ದುಕೊಂಡೇ ಹೋಯಿತು. ಡೊಳ್ಳು ಮತ್ತೆ ಶುರುವಾಯಿತು, ಆದರೆ ಮೊದಲಿನ ಹುರುಪಿರಲಿಲ್ಲ. ಹೊಡೆಯುವವನು ನಡುನಡುವೆ ದಾರಿಯ ಕಡೆ ನೋಡುತ್ತಿದ್ದ. ಆ ರಾತ್ರಿಯಿಂದ ನನಗೆ ಜ್ವರ ಬಂತು. ಗೊರಸಿನ ಸದ್ದು ಕೇಳಿದೆ ಎಂದು ಎದ್ದೆದ್ದು ಕೂರುತ್ತಿದ್ದೆನಂತೆ. ಜ್ವರ ಇಳಿದರೂ ಹೆದರಿಕೆ ಬಹಳ ದಿನ ಇಳಿಯಲಿಲ್ಲ. ಅಕ್ಕ ಎಷ್ಟೋ ತಿಂಗಳು ಸೂಜಿ ಮುಟ್ಟಲಿಲ್ಲ. ಬುಟ್ಟಿ ತುಂಬಿದೆ ಎಂದು ಚಾಚಾ ಕರೆದರೂ ಹೋಗುತ್ತಿರಲಿಲ್ಲ.

ಮುಂದಿನ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಭಾರತಕ್ಕೆ ಸೇರಿತು. ಅದೇ ಮೂರು ಬಣ್ಣದ ಬಾವುಟ ನಮ್ಮ ಅಗಸಿಯ ಮೇಲೂ ಏರಿತು. ಜನ ಕುಣಿದರು. ಆದರೆ ಮಕ್ಕಳೇ, ಹೆದರಿಕೆ ಊರು ಬಿಟ್ಟು ಹೋಗಿರಲಿಲ್ಲ. ಅದು ನಮ್ಮ ಮನೆ ಬಿಟ್ಟು ಚಾಚಾನ ಮನೆಗೆ ಹೋಗಿತ್ತು. ಸವಾರರ ಮೇಲಿನ ಸಿಟ್ಟನ್ನು ಕೆಲವರು ಅವರದೇ ಮತದ ಚಾಚಾನಂಥವರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಈಗ ಅವನ ಬಾಗಿಲು ಮುಚ್ಚಿತು, ಅವನ ಯಂತ್ರ ನಿಂತಿತು. ದಾರಿಯಲ್ಲಿ ಹೋಗುವ ಗುಂಪುಗಳ ಕೂಗಿಗೆ ಚಾಚಿ ದೀಪ ಆರಿಸುತ್ತಿದ್ದಳು. ಒಂದು ಸಂಜೆ ಅಪ್ಪ ಹೋಗಿ, "ಏಳ್ರಿ, ನಮ್ಮ ಮನಿಗಿ ನಡೀರಿ" ಎಂದು ಅವರನ್ನೆಲ್ಲ ಕರೆದುಕೊಂಡು ಬಂದ. ಹೊಲಿಗೆ ಯಂತ್ರವನ್ನು ತಲೆಯ ಮೇಲೆ ತಾನೇ ಹೊತ್ತುಕೊಂಡು ಬಂದ. ಊರು ತಣ್ಣಗಾಗುವವರೆಗೆ ಅವರು ನಮ್ಮ ನಡುಮನೆಯಲ್ಲಿದ್ದರು. ಬಾಗಿಲು ಯಾರಾದರೂ ಬಡಿದರೆ ಚಾಚಾನ ಸಣ್ಣ ಮಗ ನನ್ನ ಕೈ ಹಿಡಿದುಕೊಳ್ಳುತ್ತಿದ್ದ. ಅವನ ಕೈಯ ಬೆವರು ನನಗೆ ಗುರುತಿತ್ತು. ಒಂದು ಮಧ್ಯಾಹ್ನ ಹೊರಗಿನ ಸದ್ದಿಗೆ ಅವನು ಬಿಕ್ಕುವುದನ್ನು ಕಂಡು ಅಕ್ಕ ಅಟ್ಟದ ಮೇಲಿನ ಗಡಿಗೆ ಇಳಿಸಿದಳು. ಚಿಂದಿ ಸುರಿದು ಅವನಿಗೊಂದು ಕುದುರೆ ಹೊಲಿದು ಕೊಟ್ಟಳು.

ಮೊನ್ನೆ ನೀವೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು ಶಾಲೆಯ ಕೆಲಸ ಮಾಡುತ್ತಿದ್ದಿರಿ. ಬಿಸ್ಕತ್ತಿನ ಹಾಳೆ, ಸೋಡಾ ಬಾಟಲಿಯ ಮುಚ್ಚಳ, ಹಳೆಯ ಲಗ್ನಪತ್ರಿಕೆ, ನಿಮ್ಮ ಅವ್ವನ ಹರಿದ ಸೀರೆಯ ಅಂಚು ಎಲ್ಲ ನೆಲದ ತುಂಬ ಹರಡಿದ್ದವು. ಕಸದಿಂದ ಚಿತ್ರ ಮಾಡಿ ತರಲು ಮೇಡಂ ಹೇಳಿದ್ದಾರೆ ಎಂದಿರಿ. ಬಾಗಿಲು ಅಗಲವಾಗಿ ತೆರೆದಿತ್ತು. ಹೊರಗೆ ಮೋಟಾರ್ ಸೈಕಲ್ಲುಗಳು, ಜಹೀರಾಬಾದಿನ ಬಸ್ಸು, ಶಾಲೆಯ ಆಟೋ ಹೋಗುತ್ತಿದ್ದವು. ನಿಮ್ಮಲ್ಲಿ ಸಣ್ಣವಳು ಅಂಟು ಮೆತ್ತಿದ ಬೆರಳು ಎತ್ತಿ ಈ ಅಜ್ಜನನ್ನು ಕೇಳಿದಳು: "ಮುತ್ಯಾ, ಹಸಿರಿನ ಬಾಜೂಕ ಯಾವ ಬಣ್ಣ ಹಚ್ಚಲಿ?"

ನಾನು ತಟ್ಟನೆ ಬಾಗಿಲ ಕಡೆ ನೋಡಿದೆ. ದಾರಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಆಮೇಲೆ, "ನಿನಗ ಯಾವುದು ಚಂದ ಕಾಣ್ತದ ಅದೇ ಹಚ್ಚವ್ವ" ಎಂದೆ.

ಅವಳು ಬಿಳಿಯದನ್ನು ಆರಿಸಿಕೊಂಡಳು. ಅಂಟಿಸಿ, ಅಂಗೈಯಿಂದ ಒತ್ತಿ, ತಲೆಯನ್ನೂ ಎತ್ತದೆ ಮುಂದಿನ ತುಂಡಿಗೆ ಕೈ ಹಾಕಿದಳು.